ಕತ್ತೆ ಒಂದು ಸೆಕೆಂಡು ಅಳಬೇಕು

"ನಾನು ಕೇಳಿದ್ದು ಎದೆ ಒಡೆದ ಮುಖ. ನೀವು ಬರೆದಿರೋದು ಹಲ್ಲುನೋವಿನ ಮುಖ," ಎಂದು ನಿರ್ದೇಶಕರು ನಾಲ್ಕನೆಯ ಸಲವೂ ಹಾಳೆಯನ್ನು ಮೇಜಿನ ಮೇಲೆ ಹಾಕಿ ಹೋದರು.

ಮನಸ್ಸಿನ ತೊಳಲಾಟದ ಗಂಭೀರ ಸಿನಿಮಾಗಳನ್ನು ಗೇಲಿ ಮಾಡುವ ಎಂಟು ನಿಮಿಷದ ಕಾರ್ಟೂನ್ ಅದು. ಮನೋವೈದ್ಯ ಗೂಬೆಯ ಮುಂದೆ ಸೋಫಾದಲ್ಲಿ ಮಲಗಿದ ಕತ್ತೆ, ಹೆಂಡತಿ ಬಿಟ್ಟುಹೋದ ಕಥೆ ಹೇಳಬೇಕು. ನೋಡುವವರು ಬಿದ್ದು ಬಿದ್ದು ನಗಬೇಕು. ಚಿತ್ರಗಾರ ಮೇಜಿನ ಪುಟ್ಟ ಕನ್ನಡಿಯಲ್ಲಿ ತುಟಿ ಸೊಟ್ಟ ಮಾಡಿದ, ಹುಬ್ಬು ಇಳಿಬಿಟ್ಟ. ಈ ಕಸುಬಿನವರು ಹೀಗೇ, ಮೊದಲು ತಮ್ಮ ಮುಖ, ಆಮೇಲೆ ಪ್ರಾಣಿಯದು. ಊಹೂಂ, ಜಪ್ಪಯ್ಯ ಅಂದರೂ ದುಃಖ ಬರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಸೂಟ್‌ಕೇಸು ಹಿಡಿದು ಬಂದಳು. ಹಿಂದೆ ಇದೇ ಕೋಣೆಯಲ್ಲಿ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದವಳು. ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು.

"ರೀ, ಅಕ್ಕನ ಮನೆಗೆ ಹೊರಟಿದ್ದೀನಿ. ವಾಪಸ್ ಬರಲ್ಲ. ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು."

ಅವನು ಪೆನ್ಸಿಲ್ ಕೆಳಗಿಟ್ಟ. ಹೋಗಬೇಡ ಎನ್ನಲು ಬಾಯಿ ತೆರೆದ. ಆಗ ಕಣ್ಣು ಕನ್ನಡಿಯ ಮೇಲೆ ಬಿತ್ತು. ಬೆಳಗಿನಿಂದ ಹುಡುಕುತ್ತಿದ್ದ ಮುಖ ಅಲ್ಲಿತ್ತು. ಕೈ ತಾನಾಗಿ ಪೆನ್ಸಿಲ್ ಹಿಡಿಯಿತು.

"ಒಂದೇ ನಿಮಿಷ ಇರು," ಎಂದ.

ಅವಳು ಇದ್ದಳು. ಕತ್ತೆಯ ಕಣ್ಣು ಮೂಡಿತು, ಕಿವಿ ಮೂಡಿತು.

"ಮುಗೀತಾ?"

"ಬಾಯಿ ಒಂದು ಬಾಕಿ."

"ಎಡಗಿವಿ ಇನ್ನೂ ಸ್ವಲ್ಪ ಬಗ್ಗಬೇಕು," ಎಂದು ಅವಳು ಮನೆಯ ಬೀಗದ ಕೈಯನ್ನು ಹಾಳೆಯ ಪಕ್ಕದಲ್ಲಿಟ್ಟಳು.

ಅವನು ಕಿವಿ ಬಗ್ಗಿಸಿದ. ಅವಳು ಹೇಳಿದ್ದು ಸರಿಯಾಗಿತ್ತು. ಹಾಗೆಂದು ಹೇಳಲು ತಲೆ ಎತ್ತಿದಾಗ ಸ್ಟೂಲು ಖಾಲಿ. ಕಿಟಕಿಗೆ ಓಡಿದ, ಟ್ಯಾಕ್ಸಿ ಆಗಲೇ ತಿರುವಿನಲ್ಲಿತ್ತು.

ನಿರ್ದೇಶಕರು ಒಳಬಂದು ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮುಖ ಅಂದ್ರೆ ಇದಪ್ಪಾ. ಇಂಥದ್ದೇ ಇನ್ನು ಹನ್ನೊಂದು ಬರೆದುಕೊಡಿ, ಹನ್ನೆರಡು ಹಾಳೆ ಓಡಿದ್ರೆ ಒಂದು ಸೆಕೆಂಡು. ಕತ್ತೆ ಒಂದು ಸೆಕೆಂಡು ಅಳಬೇಕು."

ಅವನು ಕನ್ನಡಿಯ ಮುಂದೆ ಕೂತು ಬರೆದ. ಈ ಸಲ ಮುಖ ಮಾಡಿಕೊಳ್ಳುವ ಶ್ರಮವೇನೂ ಬೀಳಲಿಲ್ಲ. ಬೀಗದ ಕೈ ಅವಳು ಇಟ್ಟಲ್ಲೇ ಇತ್ತು.

ಸಂಜೆ ನಿರ್ದೇಶಕರು ಹನ್ನೆರಡೂ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ತಿರುವಿದರು. ಕತ್ತೆ ಅತ್ತಿತು. ಅವರು ಮತ್ತೊಮ್ಮೆ ತಿರುವಿ, ನಿಧಾನವಾಗಿ ಕೆಳಗಿಟ್ಟರು.

"ಮೊದಲನೇದು ಒಂದು ಇರಲಿ, ಉಳಿದದ್ದು ಬೇಡ ಸ್ವಾಮಿ," ಎಂದರು. "ಇಷ್ಟು ನಿಜವಾಗಿ ಅತ್ತರೆ ಯಾರು ನಗ್ತಾರೆ?"