ಎಣ್ಣೆ ಮರಳಿನ ನೆಲ

ಗಾಲ್ಫ್ ವಿಡಿಯೋ ಗೇಮುಗಳಿಗೆ ನಿಜವೆನ್ನಿಸುವ ನೆಲ ತಯಾರಿಸುವುದು ಮಗಳ ಕೆಲಸ. ಈ ಸಲ ಅವಳು ಅಪ್ಪ, ಅಮ್ಮ ಜೊತೆಯಾಗಿ ಆಡುತ್ತಿದ್ದ ಗಣಿ ಊರಿನ ಮೈದಾನವನ್ನೇ ಮಾಡಿದ್ದಳು. ಅಲ್ಲಿ ಚೆಂಡು ಬೀಳುವ ಕುಳಿಯ ಸುತ್ತ ಹುಲ್ಲಿರಲಿಲ್ಲ. ಎಣ್ಣೆ ಬೆರೆಸಿದ ಮರಳಿತ್ತು; ಆಡಿದವರು ತಾವು ತುಳಿದದ್ದನ್ನು ಹಲಗೆ ಎಳೆದು ಸಮ ಮಾಡಿ ಹೋಗಬೇಕಿತ್ತು. ಹೋದ ವರ್ಷ ತೀರಿಕೊಂಡ ಅಪ್ಪನ ಹೆಜ್ಜೆಗಳನ್ನು ಅವಳು ಆ ಮರಳಿನಲ್ಲಿ ಮೂಡಿಸಿದ್ದಳು. ಅವರ ಹಳೆಯ ಬೂಟಿನ ಅಚ್ಚು, ಎಳೆದು ಹಾಕುತ್ತಿದ್ದ ಬಲಗಾಲಿನ ಗೀರು, ಎಲ್ಲ ಇತ್ತು. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ.

ಅಮ್ಮನನ್ನು ಟೀವಿ ಮುಂದೆ ಕೂರಿಸಿ ರಿಮೋಟ್ ಕೊಟ್ಟಳು.

"ಅಯ್ಯೋ, ನಮ್ಮೂರಿನ ಮರಳೇ ಕಣೇ! ಅದೇ ಬಣ್ಣ."

"ಇನ್ನೂ ಹತ್ರ ಹೋಗಮ್ಮ. ಏನು ಕಾಣತ್ತೆ ನೋಡು."

ಅಮ್ಮ ಹತ್ತಿರ ಹೋದರು. ಹೆಜ್ಜೆಗಳನ್ನು ನೋಡಿದರು. ಮಗಳು ಅಮ್ಮನ ಮುಖವನ್ನೇ ನೋಡಿದಳು.

"ಮರಳು ಎಳೆಯೋ ಹಲಗೆ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ, ಆ ಹಳದಿ ಬಟನ್. ಯಾಕಮ್ಮ?"

ಅಮ್ಮ ಬಟನ್ ಒತ್ತಿದರು. ಹಲಗೆ ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋಯಿತು. ಮರಳು ನುಣ್ಣಗೆ ಸಮವಾಯಿತು.

"ಯಾರೋ ತುಳಿದು ಹಾಗೇ ಬಿಟ್ಟುಹೋಗಿದ್ರು," ಎಂದು ಅಮ್ಮ ಚೆಂಡಿಗೆ ಗುರಿಯಿಟ್ಟರು. "ನಿಮ್ಮಪ್ಪ ನೋಡಿದ್ದಿದ್ರೆ ಸರಿಯಾಗಿ ಬೈದಿರೋರು."