ಸಿನಿಮಾದ ಬಾಗಿಲು

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಸಾಕು, ಈಗಲೂ ಗುಬ್ಬಿಯ ಅತ್ತೆ ಮನೆಯ ಮುಂಬಾಗಿಲು ನನ್ನ ಕಣ್ಣಿಗೆ ಕಟ್ಟುತ್ತದೆ.

ಚಿಕ್ಕವಳಿದ್ದಾಗ ಬೇಸಿಗೆ ರಜೆಗೆಂದು ಹೋಗಿದ್ದೆ. ಊಟ ಮುಗಿಸಿ ಅಂಗಡಿಗೆ ಹೊರಟ ಮಾವ ಎಂದಿನಂತೆ ಹೊರಗಿನಿಂದ ಬೀಗ ಹಾಕಿದರು. "ಕಾಲ ಸರಿಯಿಲ್ಲ. ಒಳಗೇ ಇರಿ, ಸೇಫಾಗಿರ್ತೀರ" ಅಂದರು. ಕಿಟಕಿಗಳೂ ಮುಚ್ಚಿದ್ದವು. ನಡುಮನೆಯ ಸೆಖೆಯಲ್ಲಿ ಹುಳಿ ವಾಸನೆ ಕದಲದೆ ನಿಂತಿತ್ತು. ಅತ್ತೆ ನೆಲದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅವಳ ಬೆರಳಿಗೆಲ್ಲ ಅಂಟು ಮೆತ್ತಿತ್ತು.

ಟೀವಿಯಲ್ಲಿ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ಮಾತು ನಮ್ಮಿಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಕರಿ ಜಾಕೀಟು ತೊಟ್ಟ ಹೆಂಗಸೊಬ್ಬಳನ್ನು ಯಾರೋ ಕೋಣೆಯಲ್ಲಿ ಕೂಡಿಹಾಕಿದ್ದರು. ಅವಳು ಒಂದೇ ಸಲ ಒದ್ದಳು. ಬಾಗಿಲು ಚೌಕಟ್ಟಿನಿಂದ ಕಿತ್ತುಕೊಂಡು ಆಚೆ ಬಿತ್ತು. ತಲೆಗೂದಲು ಕೂಡ ಕೆದರದೆ ಅವಳು ನಡೆದುಹೋದಳು.

ನಾನು ಎದ್ದು ಕುಣಿದೆ. "ಅತ್ತೆ, ನಾವೂ ಹಂಗೇ ಒದೆಯೋಣ್ವಾ?"

ಅತ್ತೆ ನಗಲಿಲ್ಲ. ಕುಟ್ಟುವುದನ್ನು ನಿಲ್ಲಿಸಿ ಮುಂಬಾಗಿಲನ್ನು ನೋಡಿದಳು.

"ಅವೆಲ್ಲಾ ಸುಮ್ನೆ ತೋರಿಸ್ತಾರೆ ಬುಡು. ಒಂದೇ ಏಟ್ಗೆ ಮುರಿಯಲ್ಲ ಕಣೇ. ಮೊದ್ಲು ಕಾಲು ಊದ್ಕೊಳ್ತದೆ. ಆಮೇಲೆ ಕೇಳ್ದೋರ್ಗೆಲ್ಲಾ ಬಚ್ಚಲಲ್ಲಿ ಜಾರಿಬಿದ್ದೆ ಅಂತ ಹೇಳ್ಕೊಂಡು ತಿರುಗ್ಬೇಕು."

ಮತ್ತೆ ಕುಟ್ಟತೊಡಗಿದಳು. ಸಿನಿಮಾ ಇನ್ನೂ ಮುಗಿದಿರಲಿಲ್ಲ, ಹೊರಗೆ ಬೀಗ ತೆಗೆಯುವ ಸದ್ದಾಯಿತು. ಅತ್ತೆ ಅಂಟು ಬೆರಳಲ್ಲೇ ರಿಮೋಟು ಒತ್ತಿ ಚಾನೆಲ್ ಬದಲಾಯಿಸಿದಳು.

ಮಾವ ಚಪ್ಪಲಿ ಬಿಡುತ್ತಾ ಕೇಳಿದರು, "ಏನ್ ನೋಡ್ತಿದ್ರಿ?"

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಸೀರಿಯಲ್ಲು, ಮಾವ."