ತಾಮ್ರದ ತಗಡು

ಗುದ್ದಲಿಗೆ ಮೊದಲು ಸಿಕ್ಕಿದ್ದು ಇದ್ದಿಲು, ಆಮೇಲೆ ಉಪ್ಪು. ಎಮ್ಮೆಗೆ ಹೊಸ ಗೂಟ ಹುಗಿಯಲೆಂದು ಅಂಗಳದ ದೀಪದ ಕಂಬದ ಬುಡದಲ್ಲಿ ತಗ್ಗು ತೋಡುತ್ತಿದ್ದ ಜಗದೇವಪ್ಪ ಕೈ ನಿಲ್ಲಿಸಿದ. ಮತ್ತೆ ತೋಡಿದ. ಇದ್ದಿಲಿನ ಒಂದು ಪದರ, ಉಪ್ಪಿನ ಒಂದು ಪದರ. ಸೊಂಟದಾಳಕ್ಕೆ ಇಳಿದಾಗ ತಾಮ್ರದ ತಗಡೊಂದು ಕಂಡಿತು. ಅದಕ್ಕೆ ತಂತಿ ಬಿಗಿದಿತ್ತು. ತಂತಿಯ ಇನ್ನೊಂದು ತುದಿ ಮೇಲೆ ಬಂದು ಕಬ್ಬಿಣದ ಕಂಬಕ್ಕೆ ಸುತ್ತಿಕೊಂಡಿತ್ತು.

“ಮನಿ ದೀಪಕ್ಕೇ ಕಟ್ಟ್ಯಾರಲ್ಲೋ ಜಗ್ಗು,” ಎಂದಳು ಬಗ್ಗಿ ನೋಡುತ್ತಿದ್ದ ಅವನ ತಾಯಿ ಗಂಗಾಬಾಯಿ. “ಎಮ್ಮಿಕರ ಸುಮ್ನ ಸತ್ತಿಲ್ಲ. ಯಾರೋ ಭಾನಾಮತಿ ಮಾಡ್ಯಾರ.”

“ಕರೆಂಟಿಂದು ಇದ್ದೀತು ಬೇ.”

“ಕರೆಂಟಿಗಿ ಉಪ್ಪ್ಯಾಕೋ? ಕರೆಂಟೇನು ಪಲ್ಯಾ ಮಾಡಿ ಉಣ್ತದ?”

ಪಕ್ಕದ ಮನೆಯ ಸುಮಿತ್ರಾಬಾಯಿ ಗೋಡೆಯ ಮೇಲಿಂದ ಇಣುಕಿದಳು. “ನಿಮ್ಮ ಸೊಸಿ ದಿನಾ ಸಂಜಿಗಿ ಅಲ್ಲೇ ನೀರು ಸುರೀತಾಳ್ರಿ. ನಾ ಎಷ್ಟು ಸಲ ನೋಡೀನಿ.”

ಸೊಸೆ ಸಾಬಮ್ಮ ಕೈಗೆ ಮೆತ್ತಿದ ಜೋಳದ ಹಿಟ್ಟಿನೊಡನೆ ಬಾಗಿಲಲ್ಲಿ ನಿಂತಿದ್ದಳು. ಆ ತಗ್ಗು ತುಂಬುವುದನ್ನು ನೋಡಿದವಳು ಅವಳೊಬ್ಬಳೇ. ಬೇಸಿಗೆ ಶುರುವಿನಲ್ಲಿ ಅತ್ತೆ ಗಾಣಗಾಪುರಕ್ಕೆ, ಗಂಡ ಹೊಲಕ್ಕೆ ಹೋಗಿದ್ದ ದಿನ ಚೌಡಾಪುರದ ವೈರ್‌ಮನ್ ಚಾಂದಪಾಶಾ ಸಾಮಾನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಬಂದು ಕಂಬ ನಿಲ್ಲಿಸಿದ್ದ. ಹೋಗುವಾಗ ಬಾಗಿಲ ಹಿಂದಿದ್ದ ಅವಳಿಗೆ ಹೇಳಿದ್ದ: “ತಂಗಿ, ಈ ತಗ್ಗಿಗಿ ನೀರಡಿಕಿ ಆಗಬಾರ್ದು. ದಿನಾ ಒಂದು ಕೊಡ ಹಾಕು. ದೀಪದಾಗ ಎಲ್ಲರೆ ಕರೆಂಟು ಸೋರಿದ್ರ ಈ ತಂತಿ ಹಿಡಿದು ಭೂಮಿಗಿ ಹೋಗ್ತದ, ಫ್ಯೂಜು ಹಾರ್ತದ. ಇದಿಲ್ಲಂದ್ರ ಕಂಬದಾಗೇ ಕುಂತು ಮುಟ್ಟೋರ ಹಾದಿ ಕಾಯ್ತದ.” ಮನೆಯಲ್ಲಿ ಯಾರೂ ಇಲ್ಲದಾಗ ಪರಪುರುಷನ ಜೊತೆ ಮಾತಾಡಿದೆನೆಂದು ಹೇಳಲು ಅಂಜಿ ಅವಳು ಯಾರಿಗೂ ಹೇಳಿರಲಿಲ್ಲ. ಪಾತ್ರೆ ತಿಕ್ಕಿದ ನೀರನ್ನು ಕೂಡಿಟ್ಟು ಸುರಿಯುತ್ತಿದ್ದಳು, ಅಷ್ಟೇ.

“ಏನಬೇ,” ಎಂದಳು ಗಂಗಾಬಾಯಿ. “ಕುಡಿಯೋ ನೀರಿಗೇ ತತ್ವಾರ ಅದ. ದಿನಾ ಅಲ್ಲೇ ಯಾಕ ಹಾಕ್ತಿದ್ದಿ?”

ಹೋದ ಅಮಾವಾಸ್ಯೆ ಪಕ್ಕದ ಊರಿನಲ್ಲಿ ಒಬ್ಬ ವಿಧವೆಯ ಮೇಲೆ ಭಾನಾಮತಿಯ ಹೆಸರು ಬಂದಿತ್ತು. ಮಂತ್ರ ಹೇಳಲು ಬಾಯಿ ತಿರುಗಬಾರದೆಂದು ನಾಲ್ಕು ಜನ ಹಿಡಿದು ತಂತಿ ಕತ್ತರಿಸುವ ಪಕ್ಕಡದಿಂದ ಅವಳ ಮುಂದಿನ ಹಲ್ಲು ಕಿತ್ತಿದ್ದರು. ಆ ಹೆಂಗಸನ್ನು ಸಾಬಮ್ಮ ಗೊಬ್ಬೂರಿನ ಬಸ್ ನಿಲ್ಲುವಲ್ಲಿ ನೋಡಿದ್ದಳು. ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡೇ ಕುಳಿತಿತ್ತು ಆ ಜೀವ.

“ಧೂಳು ಏಳ್ತದಂತ, ಅತ್ತಿ,” ಎಂದಳು ಸಾಬಮ್ಮ.

ಜಗದೇವಪ್ಪ ಕುಡುಗೋಲು ತಂದು ತಂತಿಗೆ ಹಚ್ಚಿದ.

“ಅದೊಂದು ತಂತಿ ಇರಲಿ...” ಸಾಬಮ್ಮನ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

ಅತ್ತೆಗೆ ಕೇಳಿತು. “ನಿನಗ್ಯಾಕಬೇ ಅದರ ಕಾಳಜಿ?”

ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಸಾಬಮ್ಮ ಒಳಗೆ ಹೋದಳು. ಜಗದೇವಪ್ಪ ತಗಡನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಭೀಮಾ ಹೊಳೆಗೆ ಎಸೆದು, ಮಿಂದು ಬಂದ. ಅದೇ ತಗ್ಗಿಗೆ ಗೂಟ ಬಡಿದ.

ಆಮೇಲಿನ ದಿನಗಳಲ್ಲಿ ಸಾಬಮ್ಮ ಸಂಜೆಯಾದರೆ ಅಂಗಳದ ದೀಪದ ಗುಂಡಿ ಒತ್ತಲು ಮರೆತವಳಂತೆ ಇರುತ್ತಿದ್ದಳು. ಗಂಗಾಬಾಯಿ ತಾನೇ ಬಂದು ಒತ್ತುತ್ತಿದ್ದಳು. “ಮನಿಗಿ ಕತ್ತಲಿ ಬೇಕಾಗ್ಯದೇನು ನಿನಗ?” ದಾರಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಸಾಬಮ್ಮ ಕಿಟಕಿಗೆ ಬರುತ್ತಿದ್ದಳು. ಚಾಂದಪಾಶಾ ಆಗಿರುತ್ತಿರಲಿಲ್ಲ.

ಹನ್ನೆರಡನೆಯ ದಿನ ಸಂಜೆ ಮೊದಲ ಮಳೆ ಬಂತು. ಅತ್ತೆ ಆಗಲೇ ದೀಪ ಹಚ್ಚಿದ್ದಳು. ಜಗದೇವಪ್ಪ ತಲೆಗೆ ಗೋಣಿಚೀಲ ಹಾಕಿಕೊಂಡು ಎಮ್ಮೆ ಬಿಚ್ಚಿ ತರಲು ಬರಿಗಾಲಲ್ಲಿ ಇಳಿದ.

“ಕಂಬ ಮುಟ್ಟಬ್ಯಾಡ್ರಿ,” ಎಂದಳು ಸಾಬಮ್ಮ. ಮದುವೆಯಾದಾಗಿನಿಂದ ಅವಳು ಅಷ್ಟು ದೊಡ್ಡದಾಗಿ ಮಾತಾಡಿರಲಿಲ್ಲ. ಮಾಡಿನ ತಗಡಿನ ಮೇಲೆ ಮಳೆ ಅದಕ್ಕಿಂತ ದೊಡ್ಡದಾಗಿ ಸುರಿಯುತ್ತಿತ್ತು. ಹಗ್ಗದ ಗಂಟಿಗೆ ಬಗ್ಗಿದವನು ಆಸರೆಗೆಂದು ಕಂಬ ಹಿಡಿದ. ಮತ್ತೆ ಬಿಡಲಿಲ್ಲ. ಅವಳು ಓಡಿ ಗುಂಡಿ ಒತ್ತಿ ದೀಪ ಆರಿಸಿದಾಗ ಕತ್ತಲಲ್ಲಿ ಅವನು ಬಿದ್ದ ಸದ್ದಷ್ಟೇ ಕೇಳಿತು.

ಮೂರನೆಯ ದಿನ ಚಾಂದಪಾಶಾ ಬಂದ. ಕಟ್ಟೆಯ ಮೇಲೆ ಗಂಡಸರು, ಪಡಸಾಲೆಯಲ್ಲಿ ಹೆಂಗಸರು ಕುಳಿತಿದ್ದರು. ಅವನು ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕತ್ತರಿಸಿದ ತಂತಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

“ಇಲ್ಲಿ ತಗಡು ಇತ್ತಲ್ರಿ?”

“ಹೊಳಿಗಿ ಒಗದೇವಪಾ,” ಎಂದಳು ಗಂಗಾಬಾಯಿ. ಅತ್ತು ಅತ್ತು ಅವಳ ದನಿ ಹೋಗಿತ್ತು. “ತಡ ಆತು. ಇನ್ನೆಂಟು ದಿನ ಮೊದಲೇ ತಗದಿದ್ರ ನನ್ನ ಮಗ ಉಳೀತಿದ್ದ. ಯಾವ ಕೈ ಹುಗದಿತ್ತೋ ಏನೋ.”

“ಹೌದ್ ನೋಡ್ರಿ,” ಎಂದಳು ಸುಮಿತ್ರಾಬಾಯಿ. ಹೆಂಗಸರೆಲ್ಲ ತಲೆಯಾಡಿಸಿದರು.

ಚಾಂದಪಾಶಾ ಬಾಗಿಲ ಹಿಂದಿದ್ದ ಸಾಬಮ್ಮನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಕಟ್ಟೆಯ ಮೇಲಿದ್ದ ಗಂಡಸರತ್ತ ನೋಡಿದ, ತನ್ನ ಎರಡು ಕೈಗಳನ್ನು ನೋಡಿಕೊಂಡ. “ದೀಪ ತಗದ್ಬಿಡ್ತೇನಿ ಅವ್ವಾರೆ,” ಎಂದಷ್ಟೇ ಹೇಳಿ ಚೀಲದಿಂದ ಪಕ್ಕಡ ತೆಗೆದ.

ಪಕ್ಕಡ ಕಂಡೊಡನೆ ಸಾಬಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗೇ ನಾಲಿಗೆಯನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ಆಡಿಸಿದಳು. ಹಲ್ಲು ಎಲ್ಲವೂ ಇದ್ದವು.